ಶುಲ್ಕ ಮನ್ನಾ ಆಯಿತು, ಉಳಿದ ವೆಚ್ಚ ಯಾರದು?

ನಾನಿನ್ನೂ ಸೇವೆಯಲ್ಲಿದ್ದ 2018ರ ಒಂದು ಭಾನುವಾರ ಬೆಳಿಗ್ಗೆ, ನನ್ನ ಕಚೇರಿ ಕಾರಿನ ಚಾಲಕರು ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದರು. ಅವರ ಕುಟುಂಬ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿತ್ತು. ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಬಿಸಿಎ ಅಂತಿಮ ವರ್ಷ ಓದುತ್ತಿದ್ದ ಮಗಳು, ಮೊಬೈಲ್ ಆ್ಯಪ್ ತಯಾರಿಕೆ ಕಲಿಸುವ ಆನ್‌ಲೈನ್ ಕೋರ್ಸೊಂದರ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದಳು. ‘ಫೀಸು ಒಂದು ರೂಪಾಯೀನೂ ಇಲ್ವಂತೆ ಸಾರ್, ಎಲ್ಲಾ ಅವರದ್ದೇ ಅಂತೆ’ ಎಂದು ಹೇಳುವಾಗ ಅವರ ಮುಖದಲ್ಲಿದ್ದ ಸಂಭ್ರಮ ನನಗೆ ಈಗಲೂ ನೆನಪಿದೆ. ಮೂರು ತಿಂಗಳ ನಂತರ ವಿಚಾರಿಸಿದಾಗ ಆಕೆ ಕೋರ್ಸನ್ನು ಅರ್ಧಕ್ಕೇ ಬಿಟ್ಟಿದ್ದಳು. ‘ಅವಳ ಹಣೇಲಿ ಬರ್ದಿಲ್ಲ ಬಿಡಿ ಸಾರ್’ ಎಂದರು ತಂದೆ.

ಹಣೆಬರಹದ ವಿವರಣೆಯನ್ನು ಒಪ್ಪುವ ಸ್ವಭಾವ ನನ್ನದಲ್ಲ. ಹಾಸನದ ಕಡೆ ಪ್ರವಾಸ ಹೋದಾಗ ಅವರ ಮನೆಗೂ ಹೋಗಿ, ಆಕೆಯನ್ನೇ ಕೂರಿಸಿಕೊಂಡು ಕೇಳಿದೆ. ಬೆಂಗಳೂರಿನಿಂದ ತರಿಸಿದ್ದ ಬಳಸಿದ ಲ್ಯಾಪ್‌ಟಾಪಿನಲ್ಲಿ ಇದ್ದುದು 4 ಜಿಬಿ ರ್‍ಯಾಮ್. ಆ್ಯಂಡ್ರಾಯ್ಡ್ ಆ್ಯಪ್ ಬರೆಯಲು ಬಳಸುವ ‘ಆ್ಯಂಡ್ರಾಯ್ಡ್ ಸ್ಟುಡಿಯೊ’ ಎಂಬ ತಂತ್ರಾಂಶ ಸಲೀಸಾಗಿ ನಡೆಯಲು ಅದರ ಎರಡರಷ್ಟಾದರೂ ಬೇಕು. ಒಂದು ಸಾಲು ತಿದ್ದಿ ಫಲಿತಾಂಶ ನೋಡಲು ಹತ್ತು ನಿಮಿಷ ಕಾಯಬೇಕಿತ್ತು; ಪರದೆಯ ಮೇಲೆ ಮೊಬೈಲನ್ನು ಅನುಕರಿಸಿ ತೋರಿಸುವ ಎಮ್ಯುಲೇಟರ್ ತೆರೆದರೆ ಯಂತ್ರವೇ ನಿಂತುಬಿಡುತ್ತಿತ್ತು. ನಿಜವಾದ ಫೋನನ್ನೇ ತಂತಿಯಿಂದ ಜೋಡಿಸಿ ಪರೀಕ್ಷಿಸಬಹುದು. ಆದರೆ ಮನೆಯಲ್ಲಿದ್ದ ಒಂದೇ ಸ್ಮಾರ್ಟ್‌ಫೋನ್ ಹಗಲೆಲ್ಲ ಅಣ್ಣನ ಜೊತೆ ಅಂಗಡಿಯಲ್ಲಿರುತ್ತಿತ್ತು. ತಂತ್ರಾಂಶದ ಬಿಡಿಭಾಗಗಳನ್ನು ಇಳಿಸಿಕೊಳ್ಳಲು ಹಲವು ಜಿಬಿ ಡೇಟಾ ಬೇಕು, ದಿನದ ಡೇಟಾ ಒಂದೂವರೆ ಜಿಬಿಗೆ ಮುಗಿಯುತ್ತದೆ. ಹೀಗೆ ಕಲಿಕೆ ಆರಂಭವಾಗುವ ಮೊದಲೇ ಒಂದು ವಾರ ಹೋಯಿತು. ನಂತರ ಎಲ್ಲಿಯೋ ಒಂದು ಆವೃತ್ತಿ ಇನ್ನೊಂದಕ್ಕೆ ಹೊಂದದೆ ಕೆಂಪಕ್ಷರದ ದೋಷಸೂಚನೆ ಬಂತು. ಕೇಳಲು ಊರಿನಲ್ಲಿ ಯಾರೂ ಇರಲಿಲ್ಲ. ಚರ್ಚಾ ಗುಂಪಿನಲ್ಲಿ ಸಾವಿರಾರು ಜನ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ವೇಗದಲ್ಲಿ ಆಕೆಯ ಪ್ರಶ್ನೆ ಅರ್ಧ ಗಂಟೆಯಲ್ಲಿ ಎಲ್ಲೋ ಮೇಲೆ ಹೋಗಿ ಕಣ್ಮರೆಯಾಯಿತು. ಗಡುವು ಮುಗಿಯಿತು. ‘ಭಾಗವಹಿಸಿದ್ದಕ್ಕೆ ಧನ್ಯವಾದ’ ಎಂಬ ಮಿಂಚಂಚೆ ಬಂತು.

ಇಂಥ ಯೋಜನೆಗಳು ನಮ್ಮಲ್ಲಿ ಸಣ್ಣ ಪ್ರಮಾಣದವಲ್ಲ. 2015ರಲ್ಲಿ ಉಡಾಸಿಟಿ ಸಂಸ್ಥೆ ಗೂಗಲ್ ಮತ್ತು ಟಾಟಾ ಟ್ರಸ್ಟ್‌ಗಳ ಸಹಯೋಗದಲ್ಲಿ ಆ್ಯಂಡ್ರಾಯ್ಡ್ ‘ನ್ಯಾನೊಡಿಗ್ರಿ’ಯನ್ನು ಭಾರತಕ್ಕೆ ತಂದಾಗ ಅದರ ಶುಲ್ಕ ತಿಂಗಳಿಗೆ 9,800 ರೂಪಾಯಿ, ಒಂದು ವರ್ಷದೊಳಗೆ ಮುಗಿಸಿದವರಿಗೆ ಅರ್ಧ ಶುಲ್ಕ ವಾಪಸು, ಜೊತೆಗೆ 1,000 ಮಂದಿಗೆ ವಿದ್ಯಾರ್ಥಿವೇತನ. 2016ರಲ್ಲಿ ಗೂಗಲ್ ಮೂರು ವರ್ಷಗಳಲ್ಲಿ 20 ಲಕ್ಷ ಭಾರತೀಯರಿಗೆ ಆ್ಯಪ್ ತಯಾರಿಕೆಯ ತರಬೇತಿ ನೀಡುವ ಗುರಿ ಪ್ರಕಟಿಸಿತು. 2017ರ ನವೆಂಬರ್‌ನಲ್ಲಿ 1.3 ಲಕ್ಷ ವಿದ್ಯಾರ್ಥಿವೇತನಗಳ ಘೋಷಣೆಯಾಯಿತು: ಪ್ಲೂರಲ್‌ಸೈಟ್ ಮೂಲಕ ಒಂದು ಲಕ್ಷ, ಉಡಾಸಿಟಿ ಮೂಲಕ 30 ಸಾವಿರ. ಈ ಅಂಕಿಗಳು ಪತ್ರಿಕೆಗಳ ಮುಖಪುಟಕ್ಕೆ ಒಪ್ಪುವಂಥವು. ಎಷ್ಟು ಮಂದಿ ಮುಗಿಸಿದರು, ಅವರಲ್ಲಿ ಎಷ್ಟು ಮಂದಿ ತಾಲ್ಲೂಕು ಮಟ್ಟದ ಕಾಲೇಜಿನವರು ಎಂಬ ಅಂಕಿಗಳಿಗೆ ಅಷ್ಟೇ ದೊಡ್ಡ ಅಕ್ಷರ ದೊರೆತದ್ದನ್ನು ನಾನು ಕಂಡಿಲ್ಲ.

ಆನ್‌ಲೈನ್ ಕಲಿಕೆಯನ್ನು ಕುರಿತು ಹಾರ್ವರ್ಡ್ ಮತ್ತು ಎಂಐಟಿ ಕೋರ್ಸುಗಳ ದತ್ತಾಂಶ ಆಧರಿಸಿದ ಅಧ್ಯಯನವೊಂದು 2019ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2017–18ರಲ್ಲಿ ಕೋರ್ಸಿಗೆ ಸೇರಿದವರಲ್ಲಿ ಪೂರೈಸಿದವರು ನೂರಕ್ಕೆ ಸುಮಾರು 3 ಮಂದಿ. ಪ್ರಮಾಣಪತ್ರಕ್ಕಾಗಿ ಹಣ ಕೊಟ್ಟವರನ್ನಷ್ಟೇ ತೆಗೆದುಕೊಂಡರೆ ಶೇ 46. ಇದನ್ನು ಓದಿದ ಕೂಡಲೇ ‘ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಹಣ ಕೊಟ್ಟರೆ ಜನ ಕಲಿಯುತ್ತಾರೆ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಹಲವರು ಬಂದಿದ್ದಾರೆ ಕೂಡ. ಆದರೆ ಹಣ ಕೊಡುವವರು ಮುಗಿಸುವ ನಿರ್ಧಾರವನ್ನು ಮೊದಲೇ ಮಾಡಿದವರು. ಒಳ್ಳೆಯ ಯಂತ್ರ, ಬಿಡುವಿನ ಸಂಜೆ, ಸಂದೇಹ ಬಂದರೆ ಕೇಳಲು ಒಬ್ಬ ಗೆಳೆಯ ಇರುವವರು. ಶುಲ್ಕ ಅವರನ್ನು ಕಲಿಯುವಂತೆ ಮಾಡಲಿಲ್ಲ, ಅವರನ್ನು ಬೇರ್ಪಡಿಸಿ ತೋರಿಸಿತು, ಅಷ್ಟೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾವು ಮೊದಲು ಕಲಿಯುವ ಪಾಠವೆಂದರೆ, ಒಂದು ವಸ್ತುವಿನ ಬೆಲೆಯೇ ಬೇರೆ, ಅದನ್ನು ಪಡೆಯಲು ನಾವು ತೆರುವ ಒಟ್ಟು ವೆಚ್ಚವೇ ಬೇರೆ. ಆ ಹುಡುಗಿಯ ವಿಷಯದಲ್ಲಿ ಶುಲ್ಕವೆಂಬುದು ಒಟ್ಟು ವೆಚ್ಚದ ಒಂದು ಅಂಶ ಮಾತ್ರ. ಯಂತ್ರ, ಸಂಪರ್ಕ, ಮನೆಗೆಲಸದಿಂದ ಬಿಡುಗಡೆಯಾದ ಸಮಯ, ದಾರಿ ತೋರುವ ವ್ಯಕ್ತಿ, ಇವೆಲ್ಲ ಆಕೆಯೇ ಹೊಂದಿಸಿಕೊಳ್ಳಬೇಕಾಗಿದ್ದವು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ, ಕಂಪ್ಯೂಟರ್ ಇದ್ದ ಕುಟುಂಬಗಳು ನಗರಗಳಲ್ಲಿ ಶೇ 23.4, ಗ್ರಾಮಗಳಲ್ಲಿ ಶೇ 4.4. ಅಂದರೆ ಎಲ್ಲರಿಗೂ ಸಮಾನವಾಗಿ ಶುಲ್ಕ ಮನ್ನಾ ಮಾಡಿದ ಯೋಜನೆಯೂ ಆಚರಣೆಯಲ್ಲಿ, ಉಳಿದ ವೆಚ್ಚ ಭರಿಸಬಲ್ಲವರಿಗೆ ನೀಡಿದ ಸಹಾಯಧನವಾಗಿ ಪರಿಣಮಿಸುವ ಸಂಭವ ಹೆಚ್ಚು.

ಕಂಪನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಮೊಬೈಲ್ ಕಾರ್ಯಾಚರಣೆ ವ್ಯವಸ್ಥೆಯನ್ನೂ ಆ್ಯಪ್ ಮಾರುಕಟ್ಟೆಯನ್ನೂ ಹೊಂದಿರುವವರಿಗೆ ಆ್ಯಪ್ ಬರೆಯುವವರು ಹೆಚ್ಚಿದಷ್ಟೂ ಲಾಭ. ಸಕ್ಕರೆ ಕಾರ್ಖಾನೆ ಕಬ್ಬಿನ ಬೀಜ ಹಂಚಿದಂತೆ. ಅದರಲ್ಲಿ ತಪ್ಪಿಲ್ಲ. ಆದರೆ ಕಾರ್ಖಾನೆಗೆ ಒಟ್ಟು ಕಬ್ಬು ಬಂದರೆ ಸಾಕು, ಅದು ಯಾವ ಹೊಲದ್ದೆಂಬುದು ಮುಖ್ಯವಲ್ಲ. ಯಾವ ಹೊಲವೆಂದು ಕೇಳಬೇಕಾದದ್ದು ಸರ್ಕಾರ.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳಬೇಕು. ಸೇವಾವಧಿಯಲ್ಲಿ ಕೆಲಕಾಲ ತರಬೇತಿ ಯೋಜನೆಗಳ ಕಡತಗಳು ನನ್ನ ಮೇಜಿನ ಮೇಲೆ ಬರುತ್ತಿದ್ದವು. ಪ್ರಗತಿ ವರದಿಯ ನಮೂನೆಯಲ್ಲಿ ‘ಗುರಿ’, ‘ನೋಂದಣಿ’, ‘ವೆಚ್ಚ’ ಎಂಬ ಮೂರು ಕಲಮುಗಳು. ನೋಂದಣಿ ಗುರಿಯನ್ನು ದಾಟಿದ್ದರೆ, ಹಣ ಬಳಕೆ ಪ್ರಮಾಣಪತ್ರ ಲಗತ್ತಾಗಿದ್ದರೆ ನಾನು ಸಹಿ ಹಾಕುತ್ತಿದ್ದೆ. ‘ಪೂರೈಸಿದವರು’ ಎಂಬ ನಾಲ್ಕನೆಯ ಕಲಮು ಸೇರಿಸಿ ಎಂದು ಟಿಪ್ಪಣಿ ಬರೆಯಲು ನನಗೆ ಅಧಿಕಾರವಿತ್ತು. ಬರೆಯಲಿಲ್ಲ. ಆ ಹುಡುಗಿ ಯಾವುದೋ ಒಂದು ವರದಿಯಲ್ಲಿ ಇಂದಿಗೂ ‘ಫಲಾನುಭವಿ’ಯಾಗಿಯೇ ಉಳಿದಿರಬೇಕು.

ಕೋರ್ಸು ಮುಗಿಸಿದವರ ಮುಂದಿನ ಹಾದಿಯೂ ಸುಗಮವಲ್ಲ. ಶಿಕ್ಷಣದ ಪದವಿ ಉದ್ಯೋಗದಾತನಿಗೆ ಒಂದು ಸಂಕೇತ ಎಂದು 1973ರಲ್ಲಿ ವಾದಿಸಿದವರು, ಮುಂದೆ 2001ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಮೈಕೆಲ್ ಸ್ಪೆನ್ಸ್. ಲಕ್ಷಗಟ್ಟಲೆ ಜನರ ಕೈಯಲ್ಲಿರುವ ಪ್ರಮಾಣಪತ್ರ ಸಂಕೇತವಾಗಿ ದುರ್ಬಲ. ನಿಜವಾಗಿ ಕೆಲಸ ಮಾಡುವ ಒಂದು ಆ್ಯಪ್ ಪ್ರಬಲ. ಅದನ್ನು ಗೂಗಲ್‌ನ ಪ್ಲೇ ಸ್ಟೋರ್‌ನಲ್ಲಿ ಪ್ರಕಟಿಸಲು 25 ಡಾಲರ್ ನೋಂದಣಿ ಶುಲ್ಕವಿದೆ. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಪ್ರಕಟಣೆಗೆ ಮುನ್ನ 20 ಮಂದಿಯಿಂದ ಸತತ 14 ದಿನ ಆ್ಯಪನ್ನು ಪರೀಕ್ಷೆಗೆ ಒಳಪಡಿಸಬೇಕೆಂಬ ನಿಯಮ ಬಂತು. 2024ರ ಕೊನೆಗೆ ಆ ಸಂಖ್ಯೆ 12ಕ್ಕೆ ಇಳಿಯಿತು. ಕಳಪೆ ಆ್ಯಪ್‌ಗಳನ್ನು ತಡೆಯುವ ದೃಷ್ಟಿಯಿಂದ ಇದು ಸಮಂಜಸವೇ. ಬೆಂಗಳೂರಿನ ಹಾಸ್ಟೆಲಿನ ಹುಡುಗ ಊಟದ ಹೊತ್ತಿಗೆ ಹನ್ನೆರಡು ಮಂದಿಯನ್ನು ಒಟ್ಟುಗೂಡಿಸುತ್ತಾನೆ. ಮನೆಯಲ್ಲೇ ಕುಳಿತು ಒಂಟಿಯಾಗಿ ಕಲಿತ ಹುಡುಗಿ ಯಾರನ್ನು ಕೇಳಬೇಕು?

ಸಾಲದ್ದಕ್ಕೆ ಈ ವಿದ್ಯೆ ಬೇಗ ಸವೆಯುತ್ತದೆ. ಜಾವಾ ಭಾಷೆಯಲ್ಲಿ ಕಲಿತವರಿಗೆ 2019ರಲ್ಲಿ ‘ಇನ್ನು ಕಾಟ್ಲಿನ್‌ಗೇ ಆದ್ಯತೆ’ ಎಂದು ಗೂಗಲ್ ಹೇಳಿತು. 2021ರಲ್ಲಿ ಪರದೆಯ ವಿನ್ಯಾಸ ಬರೆಯುವ ಕ್ರಮವೇ ‘ಜೆಟ್‌ಪ್ಯಾಕ್ ಕಂಪೋಸ್’ ಎಂಬ ಹೊಸ ಸಾಧನದಿಂದ ಬದಲಾಯಿತು. ಒಮ್ಮೆ ಕೊಡುವ ವಿದ್ಯಾರ್ಥಿವೇತನಕ್ಕಿಂತ ಮತ್ತೆ ಮತ್ತೆ ಹೋಗಿ ಕೂರಬಹುದಾದ ಒಂದು ಜಾಗ ಇಲ್ಲಿ ಹೆಚ್ಚು ಉಪಯುಕ್ತ. ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಚಾಟ್‌ಜಿಪಿಟಿಯಂಥ ಸಾಧನಗಳು ಮಧ್ಯರಾತ್ರಿಯ ದೋಷಸೂಚನೆಯನ್ನು ಕನ್ನಡದಲ್ಲೇ ವಿವರಿಸಬಲ್ಲವು, ನಿಜ. 2018ರಲ್ಲಿ ಅದು ಇದ್ದಿದ್ದರೆ ಆಕೆಗೆ ಎಷ್ಟೋ ನೆರವಾಗುತ್ತಿತ್ತು. ಆದರೆ ಅದು 4 ಜಿಬಿಯ ಯಂತ್ರವನ್ನು 8 ಜಿಬಿ ಮಾಡಲಾರದು, ಅಂಗಡಿಗೆ ಹೋದ ಫೋನನ್ನು ಮನೆಗೆ ತರಲಾರದು.

ಪರಿಹಾರ ದುಬಾರಿಯೇ? ಅದೇ ಕಾಲೇಜಿನಲ್ಲಿ 2022ರಲ್ಲಿ ಉಪನ್ಯಾಸಕರೊಬ್ಬರು ತಮ್ಮ ಸ್ವಂತ ಹೊಣೆಯ ಮೇಲೆ ಕಂಪ್ಯೂಟರ್ ಪ್ರಯೋಗಾಲಯವನ್ನು ಸಂಜೆ ಏಳರವರೆಗೆ ತೆರೆದಿಟ್ಟರು. ಇಂಥದ್ದೇ ಉಚಿತ ಆನ್‌ಲೈನ್ ಕೋರ್ಸಿಗೆ ಸೇರಿದ ಒಂಬತ್ತು ವಿದ್ಯಾರ್ಥಿಗಳು ಅಕ್ಕಪಕ್ಕ ಕುಳಿತು ಕಲಿತರು. ಒಬ್ಬರಿಗೆ ಬಂದ ದೋಷ ಮರುದಿನ ಇನ್ನೊಬ್ಬರಿಗೆ ಪಾಠವಾಯಿತು. ನಾಲ್ವರು ಮುಗಿಸಿದರು. ಹಾಲಿನ ಡೇರಿಯಲ್ಲಿ ದಿನನಿತ್ಯದ ಅಳತೆ, ಕೊಬ್ಬಿನಂಶ ಬರೆದಿಟ್ಟುಕೊಳ್ಳುವ ಒಂದು ಕನ್ನಡ ಆ್ಯಪನ್ನು ಅವರಲ್ಲಿ ಇಬ್ಬರು ತಯಾರಿಸಿ ನನಗೆ ತೋರಿಸಿದರು. ಅಂಥ ಅದ್ಭುತವೇನಲ್ಲ; ಒಟ್ಟು ಮೊತ್ತದಲ್ಲಿ ಒಂದು ಲೆಕ್ಕದ ತಪ್ಪನ್ನು ನಾನೇ ಹಿಡಿದೆ. ಆದರೆ ಅದು ನಡೆಯುತ್ತಿತ್ತು.

ಕೋರ್ಸನ್ನು ಕಂಪನಿಗಳು ಕೊಡಲಿ. ಯಂತ್ರ, ವಿದ್ಯುತ್ತು, ಸಂಜೆಯ ಮೂರು ಗಂಟೆ, ಮೇಲ್ವಿಚಾರಣೆಗೆ ಒಬ್ಬ ಹಿರಿಯ ವಿದ್ಯಾರ್ಥಿಗೆ ಅಲ್ಪ ಗೌರವಧನ, ಮುಗಿಸಿದವರಿಗೆ ಪ್ರೋತ್ಸಾಹಧನ, ಇವುಗಳನ್ನು ಸರ್ಕಾರ ಕೊಡಲಿ. ಪೂರೈಸಿದವರ ಸಂಖ್ಯೆಯನ್ನು ತಾಲ್ಲೂಕುವಾರು ಪ್ರಕಟಿಸಲಿ. ಯಂತ್ರಗಳು ಬಹುತೇಕ ಕಾಲೇಜುಗಳಲ್ಲಿ ಈಗಾಗಲೇ ಇವೆ, ಸಂಜೆಯ ಹೊತ್ತು ಬೀಗದ ಹಿಂದೆ. ಹಾಸನದ ಆ ಉಪನ್ಯಾಸಕರು ಕಾವಲುಗಾರನ ಹೆಚ್ಚುವರಿ ಅವಧಿಯ ಭತ್ಯೆಗಾಗಿ ಎರಡು ಬಾರಿ ಪತ್ರ ಬರೆದರು. ಯಾವ ಲೆಕ್ಕಶೀರ್ಷಿಕೆಯಡಿ ವೆಚ್ಚ ಭರಿಸಬೇಕೆಂಬ ಪ್ರಶ್ನೆಯೊಂದಿಗೆ ಎರಡೂ ಬಾರಿ ಕಡತ ಮರಳಿತು. ಮರುವರ್ಷ ಅವರಿಗೆ ವರ್ಗವಾಯಿತು. ಪ್ರಯೋಗಾಲಯಕ್ಕೆ ಈಗ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ.