ಪ್ರಯೋಗಾಲಯ ನವೀಕರಣ: ಯಂತ್ರದ ಜತೆಗೆ ಪ್ರಶ್ನೆಯೂ ಬೇಕು

ಕೋಲಾರ: ಪದವಿ ಕಾಲೇಜುಗಳ ಹಳೆಯ ವಿಜ್ಞಾನ ಪ್ರಯೋಗಾಲಯಗಳ ನವೀಕರಣದ ಮಾತು ಬಂದಾಗಲೆಲ್ಲ ಚರ್ಚೆ ಕಟ್ಟಡ, ಉಪಕರಣಗಳ ಪಟ್ಟಿಗೇ ಸೀಮಿತವಾಗುತ್ತದೆ. ಅಲ್ಲಿ ವಿದ್ಯಾರ್ಥಿಗಳು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎಂಬುದು ಹಿಂದೆ ಸರಿಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಟ್ಟಿಗೆ ಆ ಪ್ರಶ್ನೆ ಕೊಳವೆಬಾವಿಯಲ್ಲೇ ಇದೆ.

ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. ಅಂತರ್ಜಲದ ಅತಿಬಳಕೆಯ ಜತೆಗೆ ಹಲವೆಡೆ ಫ್ಲೋರೈಡ್ ಸಮಸ್ಯೆಯೂ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ ಉಂಟು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ಹಾನಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಇಲ್ಲಿನ ಕೆರೆಗಳಿಗೆ ಹರಿದುಬಂದಿದೆ. ಎರಡು ಹಂತದ ಸಂಸ್ಕರಣೆ ಸಾಕೇ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು.

ಫ್ಲೋರೈಡ್ ಅಳೆಯಲು ಕೋಟಿ ಬೆಲೆಯ ಯಂತ್ರ ಬೇಕಿಲ್ಲ. ಸ್ಪೆಕ್ಟ್ರೋಫೋಟೋಮೀಟರ್ ಅಥವಾ ಫ್ಲೋರೈಡ್ ಎಲೆಕ್ಟ್ರೋಡ್, ನಿಖರ ತಕ್ಕಡಿ, ಭಟ್ಟಿ ಇಳಿಸಿದ ನೀರು, ತರಬೇತಿ ಪಡೆದ ಸಹಾಯಕರಿದ್ದರೆ ಪದವಿ ವಿದ್ಯಾರ್ಥಿಗಳೂ ನಂಬಲರ್ಹ ಅಂಕಿಅಂಶ ನೀಡಬಲ್ಲರು. ಹಳೆಯ ಕೊಠಡಿಯಲ್ಲಿ ಮೊದಲು ಆಗಬೇಕಾದುದು ವಿಷಾನಿಲ ಹೊರಹಾಕುವ ವ್ಯವಸ್ಥೆ, ಸುರಕ್ಷಿತ ವಿದ್ಯುತ್ ಸಂಪರ್ಕ ಹಾಗೂ ರಾಸಾಯನಿಕ ತ್ಯಾಜ್ಯದ ವಿಲೇವಾರಿ. ನಂತರದ್ದು ಪ್ರತಿವರ್ಷದ ಖರ್ಚು. ರಾಸಾಯನಿಕಗಳಿಗೆ, ದುರಸ್ತಿಗೆ ಹಣವಿಲ್ಲದಿದ್ದರೆ ಅನುದಾನದಲ್ಲಿ ಬಂದ ಹೊಸ ಯಂತ್ರವೂ ಧೂಳು ತಿನ್ನುತ್ತದೆ.

ಸಮಯದ ಕೊರತೆ ಇನ್ನೊಂದು ತೊಡಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಸರ್ಕಾರ ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಸಂಶೋಧನೆಗೆ ಒದಗಬಹುದಾಗಿದ್ದ ನಾಲ್ಕನೇ ವರ್ಷ ಹೊಸಬರಿಗೆ ತಪ್ಪಿತು. ಮೇಲ್ವರ್ಗದ ಓದಿಗೆ ಬೆಂಗಳೂರಿಗೆ ಹೋಗಲಾಗದ ಬಡ ಮನೆಯ ಮಕ್ಕಳಿಗೆ ಸಂಶೋಧನೆಯ ಪರಿಚಯ ಆಗುವುದಿದ್ದರೆ ಈ ಮೂರು ವರ್ಷಗಳಲ್ಲೇ ಆಗಬೇಕು.

ಅದಕ್ಕೆ ದಾರಿಯಿದೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳಲ್ಲಿ ಕೆಲವನ್ನು ಬಿಟ್ಟು, ಮಾಲೂರಿನ ಕೈಗಾರಿಕಾ ಪ್ರದೇಶದ ಬದಿಯ, ಶ್ರೀನಿವಾಸಪುರದ ಮಾವಿನ ತೋಟದ ಕೊಳವೆಬಾವಿಗಳನ್ನು ಪ್ರತಿ ಸೆಮಿಸ್ಟರ್‌ ಒಂದೇ ವಿಧಾನದಲ್ಲಿ ಪರೀಕ್ಷಿಸಬಹುದು. ನಾಲ್ಕೂ ತಾಲ್ಲೂಕುಗಳ ಕಾಲೇಜುಗಳು ಫಲಿತಾಂಶ ಹೋಲಿಸಿದರೆ ತಪ್ಪುಗಳೂ ಬಯಲಾಗುತ್ತವೆ. ಬೆಂಗಳೂರು ವಿಶ್ವವಿದ್ಯಾಲಯದ ವಿಭಜನೆಯಿಂದ 2017ರಲ್ಲಿ ರೂಪುಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದಕ್ಕೆ ಪಠ್ಯಕ್ರಮದಲ್ಲಿ ಅಂಕ ನಿಗದಿಪಡಿಸಬೇಕಷ್ಟೆ. ಐದು ವರ್ಷದ ಅಂಥ ದಾಖಲೆ ಗ್ರಾಮ ಪಂಚಾಯಿತಿಗಳ ಕೈಸೇರಿದರೆ, ಯಾವ ಬಾವಿಯ ನೀರು ಕುಡಿಯಲು ಯೋಗ್ಯ ಎಂಬುದಾದರೂ ಊರಿಗೆ ತಿಳಿದೀತು.