ಹಳೆ ಜೀಪಿಗೆ ವಿಂಟೇಜ್ ನಂಬ್ರ: ಮರ್ಯಾದೆಯೋ, ಮೂಗುದಾರವೋ?

ನಮ್ಮ ತೋಟದ ಮನೆಗಳಲ್ಲಿ, ಮಲೆನಾಡಿನ ಎಸ್ಟೇಟುಗಳ ಶೆಡ್ಡಿನಲ್ಲಿ ಇವತ್ತಿಗೂ ಒಂದೊಂದು ಹಳೆ ಜೀಪು ಉಂಟು. ಕೆಲವು ಕಡೆ ಅಜ್ಜ ಓಡಿಸಿದ ಜಾವಾ ಬೈಕು. ಇವಕ್ಕೆ 50 ವರ್ಷ ತುಂಬಿತು ಎಂದು ಗೊತ್ತಾದರೆ ಸಾಕು, ಪೇಟೆಯಲ್ಲಿ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: "ವಿಂಟೇಜ್ ಮಾಡಿಸಿಬಿಡಿ ಮಾರಾಯ್ರೆ, ಗುಜರಿಗೆ ಹೋಗೋದು ತಪ್ತದೆ."

ಮಾತು ಕೇಳಲು ಚಂದ. ಆದರೆ ಕೃಷಿಕರಿಗೆ ಅದು ಹೊಂದುತ್ತದೋ ಎಂದು ಲೆಕ್ಕ ಹಾಕಿ ನೋಡಬೇಕು. ನನ್ನ ಅಭಿಪ್ರಾಯ ಇಷ್ಟೆ: ಗಾಡಿ ಇನ್ನೂ ನಿಮ್ಮ ಕೆಲಸಕ್ಕೆ ಬರುತ್ತಿದ್ದರೆ ವಿಂಟೇಜ್ ಬೇಡ. ದುಡಿಮೆ ಮುಗಿಸಿ ಶೆಡ್ಡಲ್ಲಿ ಕೂತ ಗಾಡಿಯಾದರೆ ಮಾತ್ರ ಯೋಚಿಸಬಹುದು.

ನಿಯಮ ಹೇಳುವುದೇನು?

ಕೇಂದ್ರ ಸರಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ಮಾಡಿತು. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ಕಳೆದಿರಬೇಕು. ಅಂದರೆ 1975ರಲ್ಲಿ ರಸ್ತೆಗಿಳಿದ ಗಾಡಿಗೆ 2025ರಲ್ಲಿ ಅರ್ಹತೆ ಬಂತು. ದ್ವಿಚಕ್ರ ವಾಹನ ಮತ್ತು ಜನ ಕೂರುವ ನಾಲ್ಕು ಚಕ್ರದ ಸ್ವಂತ ಗಾಡಿ ಮಾತ್ರ ಇದರಲ್ಲಿ ಬರುತ್ತವೆ. ಲಾರಿ, ಪಿಕಪ್ ಇಲ್ಲ. ಹಳೆ ಟ್ರ್ಯಾಕ್ಟರ್ ಎಷ್ಟೇ ಹಳೆಯದಾದರೂ ಇಲ್ಲ.

ನಮೂನೆ 20ರಲ್ಲಿ ಅರ್ಜಿ, ಹಳೆ ಆರ್.ಸಿ., ವಿಮೆ ಕೊಡಬೇಕು. ಶುಲ್ಕ 20,000 ರೂಪಾಯಿ. ನೋಂದಣಿಯ ಅವಧಿ 10 ವರ್ಷ. ಆ ಮೇಲೆ ಮತ್ತೆ ನೋಂದಾಯಿಸಲು 5,000 ರೂಪಾಯಿ. ಹಳೆ ನಂಬ್ರ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ಕೊಡುವುದಾದರೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ಮುಳ್ಳು ಇರುವುದು ಮುಂದಿನ ಮಾತಿನಲ್ಲಿ. ವಿಂಟೇಜ್ ಆದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂತಹ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ, ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಸೊಸೈಟಿಗೆ ಹೋಗುವುದು, ಗಿಡ ತರುವುದು, ರಾತ್ರಿ ಹೊತ್ತು ಹುಷಾರಿಲ್ಲದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಇದ್ಯಾವುದೂ ಆ ಪಟ್ಟಿಯಲ್ಲಿಲ್ಲ. ಅಂಥ ಓಡಾಟದಲ್ಲಿ ಅಪಘಾತವಾದರೆ ವಿಮಾ ಕಂಪೆನಿಗೆ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟ ಹಾಗೆ.

ದುಡ್ಡಿನ ಲೆಕ್ಕ

ಸಾಮಾನ್ಯ ನೋಂದಣಿಯಲ್ಲೇ ಮುಂದುವರಿದರೆ? ಖಾಸಗಿ ಗಾಡಿಗೆ 15 ವರ್ಷವಾದ ಮೇಲೆ 5 ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಗಾಡಿಗಳ ನವೀಕರಣ ಶುಲ್ಕವನ್ನು ಏರಿಸಿದರು. ಬೈಕಿಗೆ 2,000, ಜೀಪು-ಕಾರಿಗೆ 10,000 ರೂಪಾಯಿ. ಹಸಿರು ತೆರಿಗೆ ಬೇರೆ.

ಜೀಪಿನ ಲೆಕ್ಕ ನೋಡಿ. 10 ವರ್ಷದಲ್ಲಿ ಎರಡು ನವೀಕರಣ, 20,000 ರೂಪಾಯಿ. ವಿಂಟೇಜ್ ಕೂಡ ಅಷ್ಟೇ. 20 ವರ್ಷಕ್ಕೆ ಸಾಮಾನ್ಯ ದಾರಿಯಲ್ಲಿ 40,000, ವಿಂಟೇಜಿನಲ್ಲಿ 25,000. ವಿಂಟೇಜ್ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲೂ ಅರ್ಧ ರಿಯಾಯಿತಿ ಉಂಟು. ಕಾಗದದ ಮೇಲೆ ವಿಂಟೇಜೇ ಅಗ್ಗ. ಆದರೆ ಉಳಿಯುವ 15,000 ರೂಪಾಯಿಯನ್ನು 20 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 750. ಅಷ್ಟಕ್ಕಾಗಿ ವರ್ಷವಿಡೀ ಜೀಪನ್ನು ಕಟ್ಟಿಹಾಕಬೇಕೇ? ಮಳೆಗಾಲದಲ್ಲಿ ಎರಡು ಸಲ ಬಾಡಿಗೆ ಗಾಡಿ ಕರೆದರೆ ಆ ಉಳಿತಾಯ ಮುಗಿಯಿತು.

ಬೈಕಿಗಂತೂ ಲೆಕ್ಕ ಕೂಡುವುದೇ ಇಲ್ಲ. 10 ವರ್ಷಕ್ಕೆ 4,000 ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ 20,000! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಬೈಕುಗಳು ಹಳ್ಳಿಗಳಲ್ಲಿ ಇನ್ನೂ ಉಳಿದಿದ್ದರೆ ಅದು ಓಡಿಸಿದ್ದರಿಂದ.

ಒಂದು ಅಪವಾದ ಹೇಳಲೇಬೇಕು. ಗಾಡಿ ವಿದೇಶದಿಂದ ಆಮದಾದದ್ದು ಎಂದು ಆರ್.ಸಿ.ಯಲ್ಲಿದ್ದರೆ ನಾಲ್ಕು ಚಕ್ರದ್ದಕ್ಕೆ ನವೀಕರಣ ಶುಲ್ಕವೇ 80,000 ರೂಪಾಯಿ. ಅಂಥವರಿಗೆ ವಿಂಟೇಜ್ ಲಾಭವೇ.

ಎಂಜಿನ್ ಯಾವುದು?

ಇನ್ನೊಂದು ತೊಡಕು. ವಿಂಟೇಜ್ ಆಗಬೇಕಾದರೆ ಗಾಡಿ ಮೂಲರೂಪದಲ್ಲಿರಬೇಕು. ಛಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು. ನಮ್ಮ ಕಡೆಯ ಜೀಪುಗಳ ಜಾತಕ ಎಲ್ಲರಿಗೂ ಗೊತ್ತು. ಪೆಟ್ರೋಲು ಕುಡಿಯುವುದನ್ನು ತಾಳಲಾರದೆ ಎಷ್ಟೋ ಮಂದಿ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ತುಕ್ಕು ಹಿಡಿದ ಬಾಡಿ ಹೊಸತಾಗಿದೆ. ಕೃಷಿಕ ಗಾಡಿಯನ್ನು ಬದುಕಿಸಿಕೊಂಡದ್ದೇ ಹೀಗೆ. ನಿಯಮದ ಕಣ್ಣಿಗೆ ಅದು ಅನರ್ಹತೆ. ಇಂಥ ಗಾಡಿಗೆ "ಮಾಡಿಸಿಕೊಡ್ತೇನೆ" ಎನ್ನುವ ಮಧ್ಯವರ್ತಿಗೆ ಮುಂಗಡ ಕೊಡಬೇಡಿ. ಎಂಜಿನ್ ಬದಲಾದದ್ದು ಆರ್.ಸಿ.ಯಲ್ಲಿ ದಾಖಲಾಗಿದೆಯೋ ಎಂದು ಮೊದಲು ನೋಡಿ. ಇಲ್ಲವಾದರೆ ಸಾಮಾನ್ಯ ನವೀಕರಣಕ್ಕೂ ಕಷ್ಟ.

ಗುಜರಿಯ ಹೆದರಿಕೆ

ದಿಲ್ಲಿಯಲ್ಲಿ ಹಳೆ ಗಾಡಿಗಳ ಮೇಲೆ ಬಂದ ನಿರ್ಬಂಧದ ಸುದ್ದಿ ಕೇಳಿ ಇಲ್ಲಿಯವರೂ ಗಾಬರಿಯಾಗುತ್ತಾರೆ. 2023ರ ಏಪ್ರಿಲಿನಿಂದ 15 ವರ್ಷ ದಾಟಿದರೆ ನೋಂದಣಿ ರದ್ದು ಎಂಬ ನಿಯಮ ಬಂದದ್ದು ಸರಕಾರಿ ವಾಹನಗಳಿಗೆ. ಖಾಸಗಿ ಗಾಡಿ ತಪಾಸಣೆಯಲ್ಲಿ ಪಾಸಾಗಿ ಶುಲ್ಕ ಕಟ್ಟಿದರೆ ನಮ್ಮ ರಾಜ್ಯದಲ್ಲಿ ಓಡಿಸಬಹುದು. ಹಳೆ ನಂಬ್ರವೂ ಹಾಗೆಯೇ ಇರುತ್ತದೆ. ಹೆದರಿಕೆಗೆ ವಿಂಟೇಜ್ ಮದ್ದಲ್ಲ, ಹೊತ್ತಿಗೆ ಸರಿಯಾಗಿ ಆರ್.ಸಿ. ನವೀಕರಿಸುವುದೇ ಮದ್ದು. ತಡವಾದರೆ ತಿಂಗಳ ಲೆಕ್ಕದಲ್ಲಿ ದಂಡ ಏರುತ್ತದೆ.

ನಾವು ಕೇಳಬೇಕಾದದ್ದು

ಹಳೆ ಗಾಡಿಯನ್ನು ಗೌರವಿಸಬೇಕು ಎಂಬ ಸರಕಾರದ ಉದ್ದೇಶ ಒಳ್ಳೆಯದೇ. ದಾರಿ ಮಾತ್ರ ದೊಡ್ಡ ಕುಳಗಳಿಗೆ ಹೇಳಿಸಿದ್ದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಗಾಡಿಯನ್ನು 'ಐತಿಹಾಸಿಕ' ಎಂದು ನೋಂದಾಯಿಸಿದರೆ ವಾಹನ ತೆರಿಗೆ ಇಲ್ಲ. ಹೆಚ್ಚು ಮಾರ್ಪಾಡು ಆಗಿಲ್ಲದಿದ್ದರೆ 2018ರಿಂದ ವರ್ಷದ ತಪಾಸಣೆಯೂ ಇಲ್ಲ. ಬಾಡಿಗೆಗೆ, ವ್ಯಾಪಾರಕ್ಕೆ ಬಳಸಬಾರದು ಎಂಬುದು ಷರತ್ತು. ಅಂಗಡಿಗೆ ಹೋಗಲು, ನೆಂಟರ ಮನೆಗೆ ಹೋಗಲು ಅಡ್ಡಿಯಿಲ್ಲ.

ನಮ್ಮಲ್ಲೂ ಹಾಗೊಂದು ನಡುದಾರಿ ಯಾಕಾಗಬಾರದು? ಸ್ವಂತ ತಾಲೂಕಿನೊಳಗೆ ಮನೆ ಬಳಕೆಗೆ ಓಡಿಸಲು ಬಿಡಲಿ. ಬೈಕಿಗೆ ಬೈಕಿನ ಮಟ್ಟದ ಶುಲ್ಕ ಇಡಲಿ. ಕೃಷಿಕ ಸಂಘಟನೆಗಳು ಈ ಬೇಡಿಕೆಯನ್ನು ಎತ್ತಿಕೊಳ್ಳಬೇಕು. ಶೆಡ್ಡಿನಲ್ಲಿ ನಿಂತ ಗಾಡಿಗೆ ತುಕ್ಕು ಬೇಗ. ಓಡುತ್ತಿದ್ದರೆ ಮಾತ್ರ ಅದು ಮುಂದಿನ ತಲೆಮಾರಿಗೆ ಸಿಗುವುದು.

ಅಲ್ಲಿಯವರೆಗೆ ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಕಳೆದ ಒಂದು ವರ್ಷದಲ್ಲಿ ಈ ಗಾಡಿ ಎಷ್ಟು ಸಲ ನಮ್ಮ ಕೆಲಸಕ್ಕೆ ಗೇಟು ದಾಟಿದೆ? ಲೆಕ್ಕಕ್ಕೆ ಕೈಬೆರಳು ಸಾಲದಿದ್ದರೆ ಈಗಿರುವ ಆರ್.ಸಿ.ಯೇ ಇರಲಿ.