ಹೊಲಕ್ಕೆ ಆರ್ಡುಯಿನೊ ಸಾಕು

ಕಳೆದ ಬೇಸಿಗೆಯಲ್ಲಿ ನನ್ನ 40 ದಾಳಿಂಬೆ ಸಸಿಗಳಲ್ಲಿ 11 ಒಣಗಿ ಹೋದವು. ನೀರಿರಲಿಲ್ಲ ಅಂತಲ್ಲ, ತೊಟ್ಟಿ ತುಂಬಿತ್ತು. ನೀರು ಬಿಡಬೇಕಾದ ಕಂಪ್ಯೂಟರೇ ಕೈಕೊಟ್ಟಿತ್ತು!

ನಾನು ಏಳನೇ ಕ್ಲಾಸು ಓದಿದ ಮಳೆಯಾಶ್ರಿತ ರೈತ. ಮಗ ಡಿಪ್ಲೊಮಾ ಮಾಡಿದ್ದಾನೆ. ಅಂಗಡಿಯವರ ಮಾತು ಕೇಳಿ ರಾಸ್ಪ್‌ಬೆರಿ ಪೈ 4 ತಂದ. ಅಂಗೈಯಗಲದ ಬೋರ್ಡು, ಆದರೆ ಪೂರ್ತಿ ಕಂಪ್ಯೂಟರೇ. ಮಣ್ಣು ಒಣಗಿದರೆ ವಾಲ್ವ್ ತೆರೆದು ತೊಟ್ಟಿ ನೀರನ್ನ ಡ್ರಿಪ್ಪಿಗೆ ಬಿಡೋ ಹಾಗೆ ಜೋಡಿಸಿದ. ಎರಡು ತಿಂಗಳು ಚೆನ್ನಾಗೇ ನಡೀತು. ಮಗಳ ಮನೇಲಿ ಎಂಟು ದಿನ ಇದ್ದು ಬರೋದ್ರೊಳಗೆ ಈ ಗತಿ.

ನಮ್ಮ ಹಳ್ಳಿ ಕರೆಂಟು ನಿಮಗೆ ಗೊತ್ತೇ ಇದೆ. ಪೈನ ಸಾಫ್ಟ್‌ವೇರೆಲ್ಲ ಉಗುರಿನಷ್ಟು ಮೆಮರಿ ಕಾರ್ಡಿನಲ್ಲಿರುತ್ತದೆ. ಅದರಲ್ಲಿ ಏನಾದರೂ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡಬಹುದು. ಆಮೇಲೆ ಕರೆಂಟು ಬಂದರೂ ಯಂತ್ರ ಏಳೋದಿಲ್ಲ. ನಮ್ಮದು ಆದದ್ದೇ ಹಾಗೆ.

ಈಗ ಹಾಕಿರೋದು ಆರ್ಡುಯಿನೊ ಯುನೊ. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಬೋರ್ಡುಗಳ ಜಾತಿ ಇದು. ಕಂಪ್ಯೂಟರ್ ಅನ್ನೋದಕ್ಕಿಂತ, ಹೇಳಿದ ಒಂದೇ ಕೆಲಸ ಮಾಡೋ ಆಳು ಅನ್ನಬಹುದು. ಪ್ರೋಗ್ರಾಮಿಗೆ ಇರೋ ಜಾಗ ಬರೀ 32 ಕೆಬಿ. ಟಿವಿಗೆ ಜೋಡಿಸೋ ಹಾಗಿಲ್ಲ. ಆದರೆ ಕರೆಂಟು ಹತ್ತು ಸಲ ಹೋಗಲಿ, ಬಂದ ಎರಡು ಮೂರು ಸೆಕೆಂಡಿಗೆ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಮಣ್ಣಿನ ತೇವದ ಸೆನ್ಸರನ್ನು ನೇರ ಸಿಕ್ಕಿಸೋಕೆ 6 ಪಿನ್ನುಗಳಿವೆ. ಪೈಗೆ ಅದಕ್ಕೇ ಬೇರೆ ಚಿಪ್ಪು ಬೇಕಾಗಿತ್ತು. (ಸೆನ್ಸರ್ ತರುವಾಗ ಲೋಹದ ಎರಡು ಕಡ್ಡಿಯದ್ದು ತರಬೇಡಿ. ಕೆಲವೇ ತಿಂಗಳಲ್ಲಿ ತುಕ್ಕು ತಿನ್ನುತ್ತದೆ. ಕೆಪಾಸಿಟಿವ್ ಅಂತ ಕೇಳಿ.)

ಪೈಗೆ ಬ್ಯಾಟರಿ ಬ್ಯಾಕಪ್ ಕೊಟ್ಟು, ಕಾರ್ಡಿಗೆ ಬರೆಯದ ಹಾಗೆ ಮಾಡಿದ್ದರೆ ಕೆಡ್ತಿರಲಿಲ್ಲ ಅಂತ ಮಗ ವಾದ ಮಾಡ್ತಾನೆ. ಸರಿಯೇ. ಆದರೆ ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಬೇಕು. ಯುನೊ ಬೋರ್ಡಿಗೆ ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಬೇಡ, ವಾಲ್ವಿನ ಲೆಕ್ಕ ಬೇರೆ. ಒಂದು ವಾಲ್ವ್ ತೆರೆಯೋಕೆ ಪೈ ತರೋದು, ಸಾಲಿನ ಮಧ್ಯೆ ಎಡೆ ಹೊಡೆಯೋಕೆ ಟ್ರ್ಯಾಕ್ಟರ್ ಇಳಿಸಿದ ಹಾಗೆ. ದೊಡ್ಡದೇ ಒಳ್ಳೇದು ಅಂತ ಅಂಗಡಿಯವರು ಹೇಳ್ತಾರೆ, ನಾವೂ ಕೇಳ್ತೀವಿ. ತೊಟ್ಟಿ ತುಂಬಿ ಹರಿಯೋದು ತಪ್ಪಿಸೋದಷ್ಟೇ ನಿಮ್ಮ ಸಮಸ್ಯೆಯಾದರೆ ಆರ್ಡುಯಿನೊ ಕೂಡ ಬೇಡ, ಫ್ಲೋಟ್ ವಾಲ್ವ್ ಸಾಕು.

ಹಾಗಂತ ಪೈ ಕೆಟ್ಟದ್ದಲ್ಲ. 2012ರಲ್ಲಿ ಇಂಗ್ಲೆಂಡಿನವರು ಅದನ್ನ ತಂದಿದ್ದೇ ಮಕ್ಕಳು ಪ್ರೋಗ್ರಾಂ ಬರೆಯೋದು ಕಲೀಲಿ ಅಂತ. ಹೊಲಕ್ಕೆ ಕ್ಯಾಮರಾ ಇಟ್ಟು ಹಂದಿ ಬಂತಾ ನೋಡಬೇಕು ಅಂದರೆ ಯುನೊ ಕೈಲಿ ಆಗಲ್ಲ, ಪೈ ಬೇಕು. ನಮ್ಮದಕ್ಕೆ ಹೊಸ ಕಾರ್ಡು ಹಾಕಿ ಮನೆ ಟಿವಿಗೆ ಜೋಡಿಸಿದ್ದೇವೆ. ತಮ್ಮನ ಮಕ್ಕಳು ಕಲೀತಿದ್ದಾರೆ, ನನ್ನ ಬೀಜ ಗೊಬ್ಬರದ ಲೆಕ್ಕವೂ ಅದರಲ್ಲೇ.

ಯುನೊ ಹಳೇ ಊಟದ ಡಬ್ಬಿಯೊಳಗೆ ಹೊಲದಲ್ಲಿದೆ. ಒಂದೇ ತಾಪತ್ರಯ, ವೈರು ಹೋಗೋ ತೂತಿನಿಂದ ಇರುವೆ ನುಗ್ತಾವೆ. ಮೇಣ ಹಚ್ಚಿದೆ, ಬಿಸಿಲಿಗೆ ಕರಗಿತು. ಉಪಾಯ ಕಂಡುಕೊಂಡವರು ಪತ್ರಿಕೆಗೆ ಬರೀರಿ.